ದೊಡ್ಡಪ್ಪನ ಕೋವಿ ಸ್ಟೇಷನ್‌ಗೆ ಯಾಕೆ ಹೋಯ್ತು? ಲೈಸೆನ್ಸಿನ ಹಿಂದಿನ ಕಥೆ

[ದೃಶ್ಯ: ಸಕಲೇಶಪುರದ ಹತ್ತಿರ ಒಂದು ತೋಟದ ಮನೆ. ಜಗಲಿ ಗೋಡೆಯಲ್ಲಿ ಎರಡು ಬೀಟೆ ಗೂಟ, ಖಾಲಿ.]

ನಮಸ್ಕಾರ. ಈ ಗೂಟ ನಮ್ಮ ಅಜ್ಜನ ಕಾಲದ್ದು. ಆಗ ಕೋವಿ ಇಲ್ಲೇ ನೇತಾಡ್ತಿತ್ತು. ಈಗ ಬೀರು ಒಳಗೆ, ಬೀಗ ಹಾಕಿ ಇಡ್ತಾರೆ. ಆದರೆ 2024ರಲ್ಲಿ ಬೀರುವಿನಲ್ಲೂ ಇರಲಿಲ್ಲ. ಮಾರ್ಚ್ 16ಕ್ಕೆ ಲೋಕಸಭಾ ಚುನಾವಣೆ ಘೋಷಣೆ ಆಯ್ತಲ್ಲ, ಕೆಲವೇ ದಿನಕ್ಕೆ ದೊಡ್ಡಪ್ಪ ಕೋವಿಯನ್ನ ಗೋಣಿಚೀಲದಲ್ಲಿ ಸುತ್ತಿ ಜೀಪಿಗೆ ಹಾಕಿಕೊಂಡು ಹೋಗಿ ಸ್ಟೇಷನ್ನಿಗೆ ಒಪ್ಪಿಸಿ ಬಂದರು. ಕೋವಿಯ ಕುದುರೆಗೆ, ಅಂದರೆ ಗುಂಡು ಹಾರಿಸೋ ಕೀಲಿಗೆ, ಒಂದು ರಟ್ಟಿನ ಚೀಟಿ ಕಟ್ಟಿದರಂತೆ, ಹೆಸರು ಮತ್ತು ನಂಬರು. ಕೈಗೆ ಒಂದು ರಸೀದಿ. ಹಾಸನದಲ್ಲಿ ಮತದಾನ ಏಪ್ರಿಲ್ 26ಕ್ಕೇ ಮುಗೀತು, ಎಣಿಕೆ ಮಾತ್ರ ಜೂನ್ 4ಕ್ಕೆ, ಅಲ್ಲಿವರೆಗೂ ಕೋವಿ ಸ್ಟೇಷನ್ನಲ್ಲೇ. ಹಲಸು ಹಣ್ಣಾಗೋದೂ ಅದೇ ಹೊತ್ತಲ್ಲಿ. ಹಲಸಿನ ವಾಸನೆ ಹಿಡಿದು ಆನೆ ತೋಟಕ್ಕೆ ಇಳಿಯೋದೂ ಆಗಲೇ.

ಕೋವಿ ನಮ್ಮದು, ದುಡ್ಡು ನಮ್ಮದು. ಇಟ್ಟುಕೊಳ್ಳೋಕೆ ಸರ್ಕಾರವನ್ನ ಯಾಕೆ ಕೇಳಬೇಕು? ಅದಕ್ಕೆ 1857ಕ್ಕೆ ಹೋಗಬೇಕು.

[ದೃಶ್ಯ: ಹಳೆಯ ಭೂಪಟ, ಮೀರತ್, ದೆಹಲಿ, ಲಖನೌ.]

ಸಿಪಾಯಿಗಳು ತಿರುಗಿಬಿದ್ದ ವರ್ಷ. ಅದೇ ವರ್ಷ ಜನರ ಆಯುಧ ಕಿತ್ತುಕೊಳ್ಳೋ ಕಾಯ್ದೆ ಬಂತು, 1860ರಲ್ಲಿ ಇನ್ನೊಂದು. ಗಮನಿಸಿ, ಕಳ್ಳತನ ಜಾಸ್ತಿ ಆಯ್ತು, ಕೊಲೆ ಜಾಸ್ತಿ ಆಯ್ತು ಅಂತ ಬಂದ ಕಾನೂನಲ್ಲ ಇದು. ಆಳುವವರಿಗೆ ಆಳಿಸಿಕೊಳ್ಳುವವರ ಮೇಲೆ ಹುಟ್ಟಿದ ಭಯ.

ಆ ಭಯಕ್ಕೆ ಪೂರ್ತಿ ಕಾನೂನಿನ ರೂಪ ಬಂದದ್ದು 1878ರಲ್ಲಿ, ವೈಸ್‌ರಾಯ್ ಲಿಟ್ಟನ್ ಕಾಲದಲ್ಲಿ. ದೇಶಭಾಷೆಯ ಪತ್ರಿಕೆಗಳ ಬಾಯಿ ಮುಚ್ಚಿಸಿದ ಕಾಯ್ದೆಯೂ ಅದೇ ವರ್ಷದ್ದು. ಬಾಯಿ, ಕೈ ಎರಡೂ ಒಟ್ಟಿಗೆ ಕಟ್ಟಿದರು ಅನ್ನಿ. ಬಂದೂಕು ಮಾತ್ರ ಅಲ್ಲ, ಕತ್ತಿ, ಬಾಕು, ಈಟಿ, ಬಿಲ್ಲು-ಬಾಣ ಕೂಡ ಆ ಕಾಯ್ದೆಯ ಲೆಕ್ಕದಲ್ಲಿ ಆಯುಧವೇ! ಇದೆಲ್ಲ ನಮಗೆ. ಯುರೋಪಿನವರಿಗೆ ಲೈಸೆನ್ಸ್ ಬೇಕಿರಲಿಲ್ಲ, ನಿಯಮದಲ್ಲೇ ವಿನಾಯಿತಿ ಬರೆದಿತ್ತು. ಒಂದೇ ಕಾಡು, ಒಂದೇ ಚಿರತೆ, ಬಿಳಿಯನಾದರೆ ಸುಮ್ಮನೆ ಕೋವಿ ಎತ್ತಬಹುದು, ಕರಿಯನಾದರೆ ಅರ್ಜಿ ಹಾಕಬೇಕು. ಕಾಂಗ್ರೆಸ್ ಶುರುವಿನ ಅಧಿವೇಶನಗಳಿಂದಲೇ ಇದನ್ನ ವಿರೋಧಿಸಿ ನಿರ್ಣಯ ಮಾಡ್ತಾ ಬಂತು. ಅಹಿಂಸೆಯ ಗಾಂಧೀಜಿಯೇ 1918ರಲ್ಲಿ ಏನಂತ ಬರೆದರು ಗೊತ್ತಾ? ಇಡೀ ಒಂದು ದೇಶದ ಕೈಯಿಂದ ಆಯುಧ ಕಿತ್ತುಕೊಂಡ ಈ ಕಾಯ್ದೆಯನ್ನ, ಬ್ರಿಟಿಷರ ದುಷ್ಕೃತ್ಯಗಳಲ್ಲೆಲ್ಲ ಅತಿ ಕರಾಳ ಅಂತ ಚರಿತ್ರೆ ನೆನಪಿಟ್ಟುಕೊಳ್ಳುತ್ತೆ ಅಂತ.

[ದೃಶ್ಯ: ಯಸಳೂರಿನಿಂದ ಕೊಡ್ಲಿಪೇಟೆ ಕಡೆಗೆ ಹೋಗುವ ರಸ್ತೆ.]

ಈಗ ನಮ್ಮ ಪಕ್ಕದ ಮನೆ ಕಥೆ. ಈ ರಸ್ತೆಯಲ್ಲಿ ಮುಂದೆ ಹೋದರೆ ಕೊಡಗು. ಕೊಡವರಿಗೆ ಮತ್ತು ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ ಇರುವವರಿಗೆ ಲೈಸೆನ್ಸಿನಿಂದ ವಿನಾಯಿತಿ ಉಂಟು. ಕೊಡಗಿನಲ್ಲಿ ಇರೋರಿಗೆಲ್ಲ ಅಲ್ಲ, ತುಂಬಾ ಜನ ಇಲ್ಲಿ ತಪ್ಪು ತಿಳಿದಿದ್ದಾರೆ. ಇದನ್ನ ಕೊಟ್ಟಿದ್ದು 1861ರಲ್ಲಿ, ಆಗಿನ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಕಬ್ಬನ್ನೇ. 1857ರ ದಂಗೆಯ ಹೊತ್ತಲ್ಲಿ ಕೊಡವರು ಬ್ರಿಟಿಷರಿಗೆ ನಿಷ್ಠೆಯಿಂದ ಇದ್ದರು ಅಂತ. ಸ್ವಾತಂತ್ರ್ಯ ಬಂದ ಮೇಲೂ ಅದು ನಿಲ್ಲಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿದೆ. ನ್ಯಾಯಾಲಯದಲ್ಲಿ ಪ್ರಶ್ನೆ ಮಾಡಿದರು, 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿ ಎತ್ತಿಹಿಡಿಯಿತು. ಕೋವಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ನೋಡಿದವರಿಗೆ ಅದರ ಹಿಂದಿನ ಭಾವನೆ ಗೊತ್ತು. ನಮ್ಮ ದೊಡ್ಡಪ್ಪನಿಗೆ ಮಾತ್ರ ಸ್ವಲ್ಪ ಹೊಟ್ಟೆಯುರಿ. "ಆನೆ ಗಡಿ ನೋಡ್ಕಂಡು ಬರುತ್ತೇನೋ ಮಗ?" ಅಂತಾರೆ.

ಸಂವಿಧಾನ ಬರೆಯುವಾಗ ಈ ಪ್ರಶ್ನೆ ಮತ್ತೆ ಎದ್ದಿತು. ಆಯುಧ ಇಟ್ಟುಕೊಳ್ಳೋದನ್ನ ಮೂಲಭೂತ ಹಕ್ಕು ಮಾಡಿ ಅಂತ 1948ರ ಡಿಸೆಂಬರ್‌ನಲ್ಲಿ ತಿದ್ದುಪಡಿ ತಂದವರು ಎಚ್.ವಿ. ಕಾಮತ್, ಮಂಗಳೂರಿನಲ್ಲಿ ಹುಟ್ಟಿದವರು. ಸುಮ್ಮನೆ ಹೇಳಿದ್ದಲ್ಲ, 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸೇ ಆ ಹಕ್ಕನ್ನ ಪಟ್ಟಿಯಲ್ಲಿ ಸೇರಿಸಿತ್ತು. ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿದ್ದುಹೋಯ್ತು. ಸಭೆ ಸೇರೋ ಹಕ್ಕಿನ ಜೊತೆಗೆ "ಆಯುಧಗಳಿಲ್ಲದೆ" ಅನ್ನೋ ಷರತ್ತು ಉಳೀತು. ದೇಶ ವಿಭಜನೆಯ ರಕ್ತ ಆಗ ಇನ್ನೂ ಆರಿರಲಿಲ್ಲ. ಆ ಹೊತ್ತಿನಲ್ಲಿ ನಾನು ಅಲ್ಲಿ ಕೂತಿದ್ದರೂ ಅಂಬೇಡ್ಕರ್ ಕಡೆಗೇ ಕೈ ಎತ್ತುತ್ತಿದ್ದೆ.

[ದೃಶ್ಯ: ಹಳೆಯ ಲೈಸೆನ್ಸ್ ಪುಸ್ತಕ, ರಿನ್ಯೂವಲ್ ಸೀಲುಗಳು, ಮೂಲೆಯಲ್ಲಿ ಕಾಫಿ ಕಲೆ.]

ಲಿಟ್ಟನ್ ಕಾಯ್ದೆ ಹೋಗಿ ನಮ್ಮದೇ ಕಾಯ್ದೆ ಬಂದದ್ದು 1959ರಲ್ಲಿ, ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ಕ್ಕೆ. ನೆಟ್ಟಗೆ ಬದುಕೋರಿಗೆ ಹಳೆ ಕಾಯ್ದೆಯಿಂದ ಕಷ್ಟ, ಡಕಾಯಿತರ ಹತ್ತಿರ ಬಾಂಬೂ ಇದೆ, ಗ್ರೆನೇಡೂ ಇದೆ ಅಂತ ಮಸೂದೆಯ ಉದ್ದೇಶದಲ್ಲೇ ಬರೆದುಕೊಂಡಿದ್ದರು. ಮನೆಗೆಲಸ, ಬೇಸಾಯಕ್ಕೆ ಅಂತಲೇ ಮಾಡಿದ ಸಾಮಾನು ಆಯುಧವೇ ಅಲ್ಲ ಅಂತ ಬಿಟ್ಟರು. ಮರಗಸಿಗೆ, ಅಂದರೆ ತೋಟದ ಮರದ ಕೊಂಬೆ ಸವರೋಕೆ ಹೋಗೋ ಆಳಿನ ಕತ್ತಿಗೆ ಲೈಸೆನ್ಸ್ ಕೇಳೋ ಹಾಗಿಲ್ಲ.

ನಮ್ಮ ಮಲೆನಾಡಿಗೆ ಮುಖ್ಯವಾದದ್ದು 13ನೇ ಸೆಕ್ಷನ್. ನಿಜವಾಗಿ ಬೆಳೆ ಕಾಯೋಕೆ ಬೇಕು ಅಂದರೆ ಮೂತಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡಬೇಕು ಅನ್ನುತ್ತೆ ಅದು. ನಾವು ಕೇಪಿನ ಕೋವಿ ಅಂತೀವಲ್ಲ, ಅದೇ. ಮದ್ದು ಸುರಿದು, ಗಜದ ಕೋಲಲ್ಲಿ ಜಡಿದು, ಚರೆ ಹಾಕಿ, ಕಿಡಿ ಹೊತ್ತಿಸೋ ಕೇಪು ಕೂರಿಸಿ... ಅಷ್ಟರಲ್ಲಿ ಹಂದಿ ಅರ್ಧ ಗದ್ದೆ ಉತ್ತು ಮುಗಿಸಿರುತ್ತೆ. ಅದೂ ಅಲ್ಲದೆ 1972ರ ವನ್ಯಜೀವಿ ಕಾಯ್ದೆ ಬಂದು ಬೇಟೆ ನಿಂತಿತು. ಭದ್ರಾದಂಥ ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗಿದ್ದರೆ ಕೋವಿಯನ್ನ ಅರಣ್ಯದವರ ಪುಸ್ತಕದಲ್ಲೂ ಬರೆಸಬೇಕು. ಹಾಗಾಗಿ ಬೆಳೆ ಕಾಯೋ ಕೋವಿ ಇವತ್ತು ಮಾಡೋದು ಒಂದೇ ಕೆಲಸ, ಸದ್ದು.

ಆಮೇಲಿನದು ಎಣಿಕೆಯ ಕಥೆ. 1983ರಲ್ಲಿ ಒಬ್ಬರಿಗೆ ಮೂರೇ ಕೋವಿ ಅಂದರು. 2019ರ ಮಸೂದೆಯಲ್ಲಿ ಒಂದೇ ಅಂತಿತ್ತು, ಆಕ್ಷೇಪ ಬಂದ ಮೇಲೆ ಎರಡಾಯ್ತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿತು. ಮದುವೆ ದಿಬ್ಬಣದಲ್ಲಿ ಗಾಳಿಗೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಇದು ಒಳ್ಳೇದೇ ಆಯ್ತು.

ಅಜ್ಜನಿಂದ ಬಂದ ಜೋಡಿ ನಳಿಕೆ, ಅಪ್ಪ ತಗೊಂಡ ಒಂಟಿ ನಳಿಕೆ, ಮೂಲೆಯಲ್ಲಿ ಒಂದು ಕೇಪಿನ ಕೋವಿ ಎಲ್ಲ ಒಬ್ಬರದೇ ಹೆಸರಿಗೆ ಇದ್ದ ಮನೆಗಳಲ್ಲಿ ಒಂದನ್ನ ಬಿಡಲೇಬೇಕಾಯ್ತು. ಭಯ ಪರದೇಶದವರದ್ದಾಗಿತ್ತು, ಅವರು ಹೋದರು. ಅರ್ಜಿ, ಪೊಲೀಸ್ ವರದಿ, ಜಿಲ್ಲಾಧಿಕಾರಿ ಸಹಿ, ಈ ದಾರಿ ಹಾಗೇ ಉಳೀತು. ಪಕ್ಕದ ತೋಟದ ಜಗಳಕ್ಕೆ ಕೋವಿ ಎತ್ತುವವರನ್ನೂ ನೋಡಿದ್ದೀನಿ, ಅದಕ್ಕೇ ದಾರಿ ಬೇಡ ಅನ್ನೋಕೆ ನನಗೆ ಬಾಯಿ ಬರಲ್ಲ. ಆದರೆ ಚುನಾವಣೆ ಅಂದ ತಕ್ಷಣ ಎಪ್ಪತ್ತು ದಾಟಿದ ಬೆಳೆಗಾರನ ಕೋವಿಯೂ ಸ್ಟೇಷನ್ ಸೇರಬೇಕಾ? ಯಾರದ್ದು ಬೇಕು, ಯಾರದ್ದು ಬೇಡ ಅಂತ ಪರಿಶೀಲಿಸೋಕೆ ಜಿಲ್ಲೆಗೊಂದು ಸಮಿತಿ ಇರುತ್ತೆ. ಕೆಲಸ ಅದು ಮಾಡಬೇಕು.

[ದೃಶ್ಯ: ಜಗಲಿ. ದೊಡ್ಡಪ್ಪ ಬಟ್ಟೆಯಲ್ಲಿ ಎಣ್ಣೆ ಅದ್ದಿ ನಳಿಕೆ ಒರೆಸುತ್ತಿದ್ದಾರೆ.]

"ದೊಡ್ಡಪ್ಪ, ಆ ವರ್ಷ ಕೋವಿ ವಾಪಸ್ ತಂದ್ರಲ್ಲ, ಆಮೇಲೆ ಎಷ್ಟು ಈಡು ಹೊಡೆದ್ರಿ?"

"ಎಲ್ಲಿ ಈಡೋ ಮಾರಾಯ. ನಾ ತರೋ ಹೊತ್ತಿಗೆ ಮರದಲ್ಲಿ ಒಂದು ಹಲಸೂ ಇರ್ಲಿಲ್ಲ."