ಒಂದೇ ಚೀಲದಲ್ಲಿ ಎಲ್ಲ ಗೋಧಿ

ಕೇಳುಗರಿಗೆ ನಮಸ್ಕಾರ.

ನಮ್ಮಮ್ಮ ಗೋಧಿ ಕೊಳ್ಳುತ್ತಿದ್ದ ರೀತಿ ಇನ್ನೂ ಕಣ್ಣ ಮುಂದಿದೆ. ಕಿರಾಣಿ ಅಂಗಡಿಯ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಯೋಳು. ನಾಲ್ಕು ಕಾಳು ಬಾಯಿಗೆ. ಕಟಕ್ ಅಂದರೆ ಚೆನ್ನಾಗಿ ಒಣಗಿದೆ ಅಂತ ಅರ್ಥ. ಆಮೇಲೆ ಸುಮ್ನೆ ಅಗಿಯುತ್ತಾ ನಿಲ್ಲೋಳು. ಕೊನೆಗೆ ಬಾಯಲ್ಲಿ ರಬ್ಬರಿನಂಥ ಅಂಟು ಉಳಿದರೆ ಗೋಧಿ ಪಾಸು. ಅಂಗಡಿಯವರು ಬೇಜಾರು ಮಾಡಿಕೊಂಡರೂ ಅವಳಿಗೆ ಲೆಕ್ಕವಿರಲಿಲ್ಲ. ಆ ಅಂಟಿಗೆ ಗ್ಲುಟೆನ್ ಅಂತ ಹೆಸರಿದೆ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಗೋಧಿ ಬೆಳೆಯುವುದರಲ್ಲಿ ಚೀನಾ ಬಿಟ್ಟರೆ ನಮ್ಮ ದೇಶವೇ ಮುಂದೆ. ಸರ್ಕಾರದ ಅಂದಾಜಿನ ಪ್ರಕಾರ 2023-24ರಲ್ಲಿ ಬೆಳೆದದ್ದು 11 ಕೋಟಿ ಟನ್‌ಗೂ ಜಾಸ್ತಿ. ಆದರೂ ಗೋಧಿ ಮಾರುವ ದೇಶಗಳು ಯಾವುವು ಎಂದು ಕೇಳಿದರೆ ರಷ್ಯಾ, ಕೆನಡಾ, ಆಸ್ಟ್ರೇಲಿಯಾ ಅನ್ನುತ್ತಾರೆ. ನಮ್ಮ ಹೆಸರು ಬರುವುದು ಅಪರೂಪ. ಬೆಳೆದದ್ದನ್ನೆಲ್ಲ ನಾವೇ ತಿನ್ನುತ್ತೇವೆ, ಅದು ನಿಜ. ಆದರೆ ಅದೊಂದೇ ಕಾರಣವಲ್ಲ.

ಒಳ್ಳೇ ಗೋಧಿ ಅಂದರೆ ಯಾವುದು? ಯಾರು ಕೇಳುತ್ತಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ. ಬ್ರೆಡ್ ಮಾಡುವವರಿಗೆ ಗಟ್ಟಿ ಅಂಟು ಬೇಕು, ಪ್ರೋಟೀನ್ ಶೇಕಡಾ 12ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಬ್ರೆಡ್ ಉಬ್ಬುವುದಿಲ್ಲ. ಬಿಸ್ಕತ್ತಿನವರಿಗೆ ಅಂಥ ಗೋಧಿ ಕೊಟ್ಟರೆ ಬಿಸ್ಕತ್ತು ಕಲ್ಲಾಗುತ್ತದೆ. ಅವರಿಗೆ ಮೆತ್ತನೆ ಗೋಧಿಯೇ ಬೇಕು. ನಮ್ಮ ಚಪಾತಿ ಇವೆರಡರ ನಡುವಿನದು. ಹಿಟ್ಟು ಎಳೆದರೆ ಬರಬೇಕು, ಲಟ್ಟಿಸಿದ ಮೇಲೆ ಮತ್ತೆ ಮುದುಡಬಾರದು.

ಇದರಲ್ಲಿ ಗಿರಣಿಯ ಪಾಲೂ ಇದೆ. ಕಲ್ಲಿನ ಗಿರಣಿಯಲ್ಲಿ ಬೀಸಿದಾಗ ಹಿಟ್ಟು ಬಿಸಿಯಾಗಿ ಬರುತ್ತದೆ, ಅಲ್ವಾ? ಆ ಒತ್ತಡಕ್ಕೆ ಪಿಷ್ಟದ ಕಣಗಳು ಜಜ್ಜಿಹೋಗುತ್ತವೆ. ಜಜ್ಜಿದ ಕಣ ಜಾಸ್ತಿ ನೀರು ಕುಡಿಯುತ್ತದೆ. ಅದಕ್ಕೇ ಆ ಹಿಟ್ಟಿನ ಚಪಾತಿ ಸಂಜೆವರೆಗೂ ಮೆತ್ತಗಿರುತ್ತದೆ. ಬ್ರೆಡ್ಡಿನವರು ಇದನ್ನು ದೋಷ ಅನ್ನುತ್ತಾರೆ. ನಮಗೆ ಅದೇ ಗುಣ.

ಬಣ್ಣದ ವಿಷಯವೂ ಹೀಗೆಯೇ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಬೀಜ ತರಿಸಿದರು. ಹಸಿರು ಕ್ರಾಂತಿ ಶುರುವಾದದ್ದು ಅಲ್ಲಿಂದ. ಗಿಡ ಗಿಡ್ಡ, ಎಷ್ಟು ಗೊಬ್ಬರ ಹಾಕಿದರೂ ನೆಲಕ್ಕೆ ಬೀಳುತ್ತಿರಲಿಲ್ಲ, ಇಳುವರಿಯೂ ಭರ್ಜರಿ. ಆದರೆ ಕಾಳು ಕೆಂಪು. ಕೆಂಪು ಚಪಾತಿ ನಮ್ಮ ಜನಕ್ಕೆ ಹಿಡಿಸಲಿಲ್ಲ, ಮಂಡಿಯಲ್ಲಿ ರೇಟೂ ಸಿಗಲಿಲ್ಲ. ವಿಜ್ಞಾನಿಗಳು ಮತ್ತೆ ಕೂತು ನಮ್ಮ ಕಣ್ಣಿಗೆ ಒಪ್ಪುವ ಹೊಂಬಣ್ಣದ ತಳಿಗಳನ್ನು ಆರಿಸಿದರು. ಕಲ್ಯಾಣ್ ಸೋನಾ, ಸೋನಾಲಿಕಾ ಬಂದದ್ದು ಹಾಗೆ. ಹಸಿವಿನ ಕಾಲದಲ್ಲೂ ಜನ ಬಣ್ಣ ನೋಡಿದರು! ನನಗಂತೂ ಇದರಲ್ಲಿ ತಪ್ಪು ಕಾಣುವುದಿಲ್ಲ.

ನಮ್ಮ ಬೆಳೆಯಲ್ಲಿ ನೂರಕ್ಕೆ 95 ಪಾಲು ಈ ಚಪಾತಿ ಗೋಧಿಯೇ. ಉಳಿದದ್ದರಲ್ಲಿ ಹೆಚ್ಚಿನದು ಡ್ಯೂರಮ್. ಗಟ್ಟಿ ಕಾಳು, ಗಾಜಿನಂಥ ಹೊಳಪು. ನಮ್ಮ ಬನ್ಸಿ ರವೆ ಇದರದೇ. ಇಟಲಿಯವರ ಪಾಸ್ತಾ, ನಮ್ಮ ಶಾವಿಗೆ, ಎರಡಕ್ಕೂ ಇದು ಬೇಕು.

ಕೊನೆಯ ಒಂದು ಪಾಲು ಮಾತ್ರ ನಮ್ಮ ಕಡೆಯದು. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡದ ಕರಿ ನೆಲದಲ್ಲಿ ಬೆಳೆಯುವ ಸದಕ. ಜವೆ ಗೋಧಿ ಅಂತಲೂ ಕರೆಯುತ್ತಾರೆ. ಮಹಾರಾಷ್ಟ್ರದವರ ಬಾಯಲ್ಲಿ ಖಪ್ಲಿ. ಸಾವಿರಾರು ವರ್ಷದ ಹಳೇ ಜಾತಿ. ಒಕ್ಕಿದರೆ ಸಿಪ್ಪೆ ಬಿಡುವುದಿಲ್ಲ, ಭತ್ತದ ಹಾಗೆ ಕುಟ್ಟಬೇಕು. ತುಕ್ಕು ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಇದರಲ್ಲೂ ಗಿಡ್ಡ ತಳಿಗಳನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮಾಡಿಕೊಟ್ಟಿದ್ದಾರೆ. ಇನ್ನು ಹುಗ್ಗಿಯ ವಿಷಯಕ್ಕೆ ಬಂದರೆ, ಬೆಲ್ಲ, ಗಸಗಸೆ, ಕೊಬ್ಬರಿ ಹಾಕಿ ಕುದಿಸಿದ ಜವೆ ಗೋಧಿ ಹುಗ್ಗಿಯ ಮೇಲೆ ತುಪ್ಪ ಸುರಿದು ಉಂಡವರ ಹತ್ತಿರ ಬೇರೆ ಗೋಧಿಯ ಮಾತು ಎತ್ತಬಾರದು.

ಈಗ ಮಂಡಿಗೆ ಹೋಗೋಣ. ಸರ್ಕಾರ ಬೆಂಬಲ ಬೆಲೆಗೆ ಕೊಳ್ಳುವಾಗ ಏನೇನು ನೋಡುತ್ತದೆ? ತೇವ ಎಷ್ಟು, ಕಸ ಎಷ್ಟು, ಒಡೆದ ಕಾಳು, ಮುರುಟಿದ ಕಾಳು ಎಷ್ಟು. ಪ್ರೋಟೀನ್ ನೋಡುವುದಿಲ್ಲ. ಅಂಟು ನೋಡುವುದಿಲ್ಲ. ಚಪಾತಿಗೆ ಒಳ್ಳೆಯದು, ಬ್ರೆಡ್ಡಿಗೆ ಒಳ್ಳೆಯದು, ಎಲ್ಲಕ್ಕೂ ಒಂದೇ ರೇಟು. ಎಲ್ಲವೂ ಒಂದೇ ಗೋದಾಮಿಗೆ. ನಮ್ಮಮ್ಮ ನಾಲ್ಕು ಕಾಳು ಅಗಿದು ಹೇಳುತ್ತಿದ್ದದ್ದನ್ನು ಅಷ್ಟು ದೊಡ್ಡ ವ್ಯವಸ್ಥೆ ಕೇಳುವುದೇ ಇಲ್ಲ. ಪಡಿತರಕ್ಕೆ ಅದು ಸಾಕು. ಹಡಗಿಗೆ ಸಾಲದು. ಹೊರದೇಶದ ಗಿರಣಿಯವರು ಪ್ರೋಟೀನ್ ಇಷ್ಟೇ ಇರಬೇಕು, ಪ್ರತಿ ಸಲವೂ ಅಷ್ಟೇ ಇರಬೇಕು ಅನ್ನುತ್ತಾರೆ.

ಇದು ಹಳೇ ರಗಳೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಪಂಜಾಬಿನ ಗೋಧಿ ಕರಾಚಿಯಿಂದ ಲಂಡನ್ನಿಗೆ ಹರಿಯಿತು. ಅದರಲ್ಲಿ ಮಣ್ಣು, ಕಲ್ಲು ಜಾಸ್ತಿ ಅಂತ ಅಲ್ಲಿಯವರ ದೂರು. ಆದರೆ ಕರಾರಿನಲ್ಲೇ ಇಷ್ಟು ಕಸ ಇರಬಹುದು ಎಂದು ಬರೆದಿರುತ್ತಿತ್ತು. ಚೊಕ್ಕ ಮಾಡಿ ಕಳಿಸಿದವನಿಗೆ ಜಾಸ್ತಿ ದುಡ್ಡಿಲ್ಲ. ಹಾಗಿರುವಾಗ ಯಾರು ತಾನೇ ಚೊಕ್ಕ ಮಾಡುತ್ತಾರೆ? ಕಮ್ಮಿಯಿದ್ದರೆ ಮಣ್ಣು ಬೆರೆಸಿಯಾದರೂ ಲೆಕ್ಕ ಸರಿ ಮಾಡುತ್ತಿದ್ದರು.

ಇನ್ನೊಂದು ಅಡ್ಡಿ ಕರ್ನಾಲ್ ಬಂಟ್. 1931ರಲ್ಲಿ ಕರ್ನಾಲ್ ಎಂಬ ಊರಿನ ಹತ್ತಿರ ಕಂಡ ಶಿಲೀಂಧ್ರ ರೋಗ. ರೋಗ ತಗುಲಿದ ಕಾಳು ಕಪ್ಪಾಗಿ, ಕೊಳೆತ ಮೀನಿನ ವಾಸನೆ ಬರುತ್ತದೆ. ಇಳುವರಿ ಅಷ್ಟೇನೂ ಹೋಗುವುದಿಲ್ಲ. ಆದರೆ ಈ ರೋಗ ತಮ್ಮ ನೆಲಕ್ಕೆ ಬರಬಾರದೆಂದು ಎಷ್ಟೋ ದೇಶಗಳು ಬಂದರಿನಲ್ಲೇ ತಡೆಯುತ್ತವೆ.

ಇಷ್ಟೆಲ್ಲ ಇದ್ದರೂ ಒಂದು ವರ್ಷ ನಮಗೆ ಬಾಗಿಲು ತೆರೆಯಿತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಕಪ್ಪು ಸಮುದ್ರದ ಗೋಧಿ ಅಲ್ಲೇ ನಿಂತಿತು. ಜಗತ್ತಿನ ಬೆಲೆ ಏರಿತು. ಆಗ ಯಾರೂ ಪ್ರೋಟೀನ್ ಕೇಳಲಿಲ್ಲ, ಗೋಧಿ ಇದ್ದರೆ ಸಾಕಿತ್ತು. ಯುದ್ಧಕ್ಕೆ ಮೊದಲೇ ರಫ್ತು ಏರುತ್ತಿತ್ತು; ಆ ಮಾರ್ಚ್‌ಗೆ ಮುಗಿದ 2021-22ರ ಸಾಲಿನಲ್ಲಿ ಒಟ್ಟು ಸುಮಾರು 70 ಲಕ್ಷ ಟನ್ ಹೊರಗೆ ಹೋಯಿತು. ದೊಡ್ಡ ಗಿರಾಕಿ ಪಕ್ಕದ ಬಾಂಗ್ಲಾದೇಶ. ಆದರೆ ಅದೇ ಮಾರ್ಚ್‌ನಲ್ಲಿ ಬಿಸಿಲು ಕಾಳಿಗೇ ಹೊಡೆಯಿತು. ದೇಶದಲ್ಲಿ ಲೆಕ್ಕ ಇಟ್ಟ 122 ವರ್ಷಗಳಲ್ಲಿ ಅಷ್ಟು ಬಿಸಿಯ ಮಾರ್ಚ್ ಇರಲಿಲ್ಲ. ಹಾಲು ತುಂಬುವ ಹೊತ್ತಿನಲ್ಲಿ ಕಾಳು ಮುರುಟಿತು. ಪಂಜಾಬ್, ಹರಿಯಾಣದಲ್ಲಿ ಮುರುಟಿದ, ಒಡೆದ ಕಾಳು ನೂರಕ್ಕೆ 6ರ ತನಕ ಇರಬಹುದು ಎಂಬ ನಿಯಮವನ್ನು 18ಕ್ಕೆ ಏರಿಸಬೇಕಾಯಿತು. ಕ್ವಿಂಟಲಿಗೆ 2,015 ರೂಪಾಯಿ ಬೆಂಬಲ ಬೆಲೆ. ವ್ಯಾಪಾರಿಗಳು ಅದಕ್ಕಿಂತ ಜಾಸ್ತಿ ಕೊಟ್ಟರು. ಹಿಂದಿನ ವರ್ಷ 433 ಲಕ್ಷ ಟನ್ ಕೊಂಡಿದ್ದ ಸರ್ಕಾರಕ್ಕೆ ಈ ಸಲ ಸಿಕ್ಕಿದ್ದು 188 ಲಕ್ಷ. ಮೇ 13ಕ್ಕೆ ರಫ್ತು ನಿಂತಿತು. ಆಗಸ್ಟ್‌ನಲ್ಲಿ ಹಿಟ್ಟು, ರವೆ, ಮೈದಾಕ್ಕೂ ತಡೆ ಬಿತ್ತು.

ಉಣ್ಣುವ ಬಾಯಿ ಮೊದಲು, ಅದನ್ನು ನಾನು ಒಪ್ಪುತ್ತೇನೆ. ಆದರೆ ಹೊರಗಿನ ಗಿರಾಕಿ ಒಮ್ಮೆ ಬೇರೆ ಅಂಗಡಿ ಹಿಡಿದರೆ ವಾಪಸು ಕರೆಯುವುದು ಕಷ್ಟ.

ಗುಣಕ್ಕೆ ತಕ್ಕ ಬೆಲೆ ಎಲ್ಲೂ ಇಲ್ಲ ಅಂತಲ್ಲ. ಮಧ್ಯಪ್ರದೇಶದ ಸೀಹೋರ್ ಕಡೆಯ ಶರಬತಿ ಗೋಧಿಗೆ ಖಾಸಗಿ ಪೇಟೆಯಲ್ಲಿ ಬೇರೆಯೇ ರೇಟು. 2023ರಲ್ಲಿ ಅದಕ್ಕೆ ಜಿಐ, ಅಂದರೆ ಆ ಸೀಮೆಯದೇ ಬೆಳೆ ಎಂಬ ಅಧಿಕೃತ ಗುರುತೂ ಸಿಕ್ಕಿತು. ನಮ್ಮ ಸದಕವೂ ಈಗ ಪಟ್ಟಣದಲ್ಲಿ ಪ್ಯಾಕೆಟ್ಟಿನಲ್ಲಿ ಕೂತಿದೆ. ಮೊನ್ನೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಖಪ್ಲಿ ಹಿಟ್ಟು ಅಂತ ನೋಡಿದೆ. ಬೆಲೆ ನೋಡಿ ಸ್ವಲ್ಪ ಹೊತ್ತು ಹಾಗೇ ನಿಂತೆ. ಪ್ಯಾಕೆಟ್ಟಿನ ಮೇಲೆ ಹೊಲದ ಚಿತ್ರವಿತ್ತು, ರೈತನ ಊರಿನ ಹೆಸರಿರಲಿಲ್ಲ. ಅಗಿದು ನೋಡೋಣ ಅಂದರೆ ಒಳಗಿದ್ದದ್ದು ಹಿಟ್ಟು. ಅಮ್ಮ ಇದ್ದಿದ್ದರೆ ಅದನ್ನು ಅಲ್ಲೇ ಇಟ್ಟು, ಕಾಳು ಇದೆಯಾ ಅಂತ ಕೇಳುತ್ತಿದ್ದಳು. ನಾನೂ ಕೇಳಿದೆ. ಇರಲಿಲ್ಲ.

ನಮಸ್ಕಾರ.