ಗ್ಯಾಸ್‌ನಲ್ಲಿ ಪಾಲು ನಮ್ಮದು, ಒಲೆ ಚೀನಾದ್ದು

ಬೋರ್‌ವೆಲ್‌ನಲ್ಲಿ ನೀರು ಬಿದ್ದದ್ದು ಆಚೆ ಹೊಲದಲ್ಲಿ. ತೋಟ ಇರುವುದು ಈಚೆ. ನಡುವೆ ಬೇರೆಯವರ ಜಮೀನು. ಪೈಪ್ ಎಳೆಯಬೇಕು ಅಂದರೆ ಅವರನ್ನು ಕೇಳಲೇಬೇಕು. ಅವರು ಏನಂತಾರೆ? "ಎಳ್ಕೊಳ್ಳಿ ಗೌಡ್ರೇ, ನಿಮ್ಮ ಬದುವಿನ ಮೇಲೆ ನಮ್ಮ ಗಾಡಿಗೆ ದಾರಿ ಬಿಡಿ." ಆಗ ನೀವು "ದಾರಿ ವಿಷಯ ಬೇರೆ, ಪೈಪ್ ವಿಷಯ ಬೇರೆ" ಅಂದರೆ ತೋಟಕ್ಕೆ ನೀರು ಬರುತ್ತದಾ?

2005ರಲ್ಲಿ ಭಾರತ ಬಾಂಗ್ಲಾದೇಶಕ್ಕೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಮ್ಯಾನ್ಮಾರ್‌ನ ರಖೈನ್ ಕರಾವಳಿಯಾಚೆ, ಸಮುದ್ರದಡಿ, 2004ರಲ್ಲಿ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿತು. ಹೆಸರು ಶ್ವೇ. ಬರ್ಮೀ ಭಾಷೆಯಲ್ಲಿ ಚಿನ್ನ ಅಂತ ಅರ್ಥ. ಕೊರೆದದ್ದು ಕೊರಿಯಾದ ದೇವೂ ಕಂಪನಿ. ಆದರೆ ಅದರಲ್ಲಿ ನಮ್ಮ ಸರ್ಕಾರಿ ಕಂಪನಿಗಳಾದ ಒಎನ್‌ಜಿಸಿ ವಿದೇಶ್‌ಗೆ ಶೇ 20, ಗೇಲ್‌ಗೆ ಶೇ 10 ಪಾಲು ಇತ್ತು. ಪಕ್ಕದ ಮನೆಯ ಬಾವಿ, ಅದರಲ್ಲೂ ನಮ್ಮ ದುಡ್ಡು. ಇನ್ನೇನು ಬೇಕು?

ಬೇಕಾದದ್ದು ಬಾಂಗ್ಲಾದ ಒಪ್ಪಿಗೆ. 2005ರ ಜನವರಿಯಲ್ಲಿ ಯಾಂಗೋನ್‌ನಲ್ಲಿ ಮೂರೂ ದೇಶಗಳ ಮಂತ್ರಿಗಳು ಕೂತರು. ನಮ್ಮ ಕಡೆಯಿಂದ ಆಗಿನ ಪೆಟ್ರೋಲಿಯಂ ಮಂತ್ರಿ ಮಣಿಶಂಕರ್ ಅಯ್ಯರ್. ಬಾಂಗ್ಲಾ ಮೂಲಕ ಪೈಪ್‌ಲೈನ್ ತರೋಣ ಅಂತ ಜಂಟಿ ಹೇಳಿಕೆಯೂ ಹೊರಬಿತ್ತು. ಪೈಪ್ ಹಾದುಹೋಗುವುದಕ್ಕೆ ಬಾಂಗ್ಲಾಕ್ಕೆ ಬಾಡಿಗೆ ಸಿಗುತ್ತಿತ್ತು. ಆದರೆ ಢಾಕಾ ಇನ್ನೂ ಮೂರು ಕೇಳಿತು. ನೇಪಾಳ, ಭೂತಾನ್ ಜೊತೆ ವ್ಯಾಪಾರಕ್ಕೆ ನಿಮ್ಮ ನೆಲದಲ್ಲಿ ದಾರಿ ಕೊಡಿ. ಅಲ್ಲಿನ ಜಲವಿದ್ಯುತ್ ನಮಗೆ ಬರಲು ಬಿಡಿ. ನಿಮ್ಮ ಜೊತೆಗಿನ ವ್ಯಾಪಾರದಲ್ಲಿ ನಮಗಿರುವ ಕೊರತೆ ತಗ್ಗಿಸಿ.

ದೆಹಲಿ ಏನೆಂದಿತು? ಇವು ನಮ್ಮಿಬ್ಬರ ನಡುವಿನ ಮಾತು, ಮೂರು ದೇಶಗಳ ಕಾಗದದಲ್ಲಿ ಬೇಡ.

ಕಡತದ ಲೆಕ್ಕದಲ್ಲಿ ಸರಿಯೇ ಇರಬಹುದು. ಆದರೆ ಚೌಕಾಸಿ ಅಂದರೆ ಕಡತ ಅಲ್ಲ ಅಲ್ವಾ? ದೇವರು ಕೊಟ್ಟರೂ ಪೂಜಾರಿ ಬಿಡ ಅಂತ ಬಾಂಗ್ಲಾವನ್ನು ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೂಜಾರಿ ಕೇಳಿದ್ದು ಬರೀ ದಕ್ಷಿಣೆ ಅಲ್ಲ, ಓಡಾಡಲು ದಾರಿ. ಮೂರು ಕಡೆ ಭಾರತವೇ ಸುತ್ತುವರಿದಿರುವ ದೇಶ ಇನ್ನೇನು ಕೇಳಬೇಕಿತ್ತು? ಹಾಗಂತ ಅವರದ್ದು ತಪ್ಪೇ ಇಲ್ಲ ಅನ್ನುವುದಿಲ್ಲ. ಭಾರತಕ್ಕೆ ಅನುಕೂಲ ಆಗುವ ಏನನ್ನೇ ಒಪ್ಪಿದರೂ ಅಲ್ಲಿ ವಿರೋಧ ಪಕ್ಷ ಬೀದಿಗೆ ಇಳಿಯುತ್ತದೆ. ನಾವು ಬಾಂಗ್ಲಾವನ್ನೇ ಬಿಟ್ಟು ಮಿಜೋರಾಂ, ಅಸ್ಸಾಂ ಸುತ್ತಿ ತರುವ ಯೋಚನೆಯನ್ನೂ ಮಾಡಿದೆವು. ಉದ್ದ ಜಾಸ್ತಿ, ಬೆಟ್ಟ ಜಾಸ್ತಿ, ಖರ್ಚು ಜಾಸ್ತಿ.

ಅಷ್ಟರಲ್ಲಿ ಚೀನಾ ಬಂತು. ಅದಕ್ಕೆ ಮ್ಯಾನ್ಮಾರ್ ಜೊತೆ ನೇರ ಗಡಿ ಇದೆ, ನಡುವೆ ಯಾರನ್ನೂ ಕೇಳಬೇಕಿಲ್ಲ. ಇನ್ನೊಂದು ಇದೆ. 2007ರ ಜನವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಮ್ಯಾನ್ಮಾರ್ ವಿರುದ್ಧ ನಿರ್ಣಯ ಬಂದಾಗ ಚೀನಾ, ರಷ್ಯಾ ವೀಟೊ ಹಾಕಿದವು. ಆಗ ಮ್ಯಾನ್ಮಾರ್ ಆಳುತ್ತಿದ್ದ ಸೇನಾ ಜನರಲ್‌ಗಳಿಗೆ ಡಾಲರ್‌ಗಿಂತ ಬೇಕಾಗಿದ್ದ ವಸ್ತು ಅದು. 2008ರ ಡಿಸೆಂಬರ್‌ನಲ್ಲಿ ಚೀನಾದ ಜೊತೆ 30 ವರ್ಷ ಗ್ಯಾಸ್ ಮಾರುವ ಕರಾರು ಆಯಿತು. 2013ರಲ್ಲಿ ಮ್ಯಾನ್ಮಾರ್‌ನ ಚ್ಯಾಕ್‌ಪ್ಯೂ ತೀರದಿಂದ ಚೀನಾದ ಯುನ್ನಾನ್ ಕಡೆಗೆ ಗ್ಯಾಸ್ ಹರಿಯಿತು. ಸೇನಾ ಆಡಳಿತದ ಜೊತೆ ಹಾಗೆ ಕೈಕುಲುಕಿದ್ದು ಸರಿಯಾ ಅನ್ನುವುದು ಬೇರೆ ಪ್ರಶ್ನೆ. ನಾವೂ ಕೈಚಾಚಿಕೊಂಡೇ ನಿಂತಿದ್ದೆವು, ಸುಮ್ನೆ ಮರೆಯುವುದು ಬೇಡ.

ನಗು ಬರುವ ಸಂಗತಿ ಏನು ಗೊತ್ತಾ? ಚೀನಾಕ್ಕೆ ಹೋಗುವ ಆ ಪೈಪ್‌ಲೈನ್‌ನಲ್ಲೂ ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಪಾಲು ಕೊಂಡವು. ಬಾವಿಯಲ್ಲಿ ಪಾಲು, ಪೈಪ್‌ನಲ್ಲಿ ಪಾಲು, ನೀರು ಮಾತ್ರ ಬೇರೆಯವರ ತೋಟಕ್ಕೆ.

ನಾವು ಇವತ್ತು ಕತಾರ್‌ನಂಥ ಕಡೆಗಳಿಂದ ಗ್ಯಾಸ್ ಅನ್ನು ಮೈನಸ್ 162 ಡಿಗ್ರಿಗೆ ತಣಿಸಿ, ದ್ರವ ಮಾಡಿ, ಹಡಗಿನಲ್ಲಿ ತರುತ್ತೇವೆ. 2021ರಲ್ಲಿ ಉದ್ಘಾಟನೆಯಾದ ಕೊಚ್ಚಿ-ಮಂಗಳೂರು ಪೈಪ್‌ಲೈನ್‌ನಲ್ಲಿ ಬರುವುದೂ ಹೀಗೆ ಹಡಗಿನಿಂದ ಇಳಿದ ಗ್ಯಾಸೇ. ಬಾಂಗ್ಲಾದೇಶವೂ 2018ರಿಂದ ಅದನ್ನೇ ಮಾಡುತ್ತಿದೆ.

2024ರ ನವೆಂಬರ್‌ನಲ್ಲಿ ನೇಪಾಳದ ಜಲವಿದ್ಯುತ್ ಮೊದಲ ಬಾರಿಗೆ ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೆ ಹೋಯಿತು. ಬರೀ 40 ಮೆಗಾವ್ಯಾಟ್. 2005ರಲ್ಲಿ ಢಾಕಾ ಕೇಳಿದ್ದ ಮೂರರಲ್ಲಿ ಅದೂ ಒಂದು.