ಖಾಲಿ ಕ್ಯಾಸೆಟ್‌ಗೆ 500 ರೂಪಾಯಿನಾ?! ಸಂತೆಪೇಟೆ ಸುತ್ತಾಟ ಮತ್ತೆ ಸ್ಪ್ರಿಂಗ್‌ಸ್ಟೀನ್ ಕಥೆ

ಇದು ಮೈಸೂರಿನ ಸಯ್ಯಾಜಿರಾವ್ ರೋಡು. ನಾನೇನೋ ಭಾರೀ ಮಾತಾಡ್ತಿರೋ ಹಂಗೆ ಕಾಣ್ತೈತೆ, ಆದ್ರೆ ಸಿಟಿ ಬಸ್ ಹಾರ್ನ್ ಬಿಟ್ರೆ ಒಂದಕ್ಷರ ಕೇಳ್ಸಲ್ಲ, ಅದಕ್ಕೆ ವಾಪಸ್ ಮಂಡ್ಯಕ್ಕೆ ಬಂದು ಮನೇಲಿ ಕೂತ್ಕೊಂಡು ವಾಯ್ಸ್ ಓವರ್ ಕೊಡ್ತಾ ಇದೀನಿ. ಮೈಕ್ ತಗೋ ತಗೋ ಅಂತ ಕಾಮೆಂಟಲ್ಲಿ ಬೈಬೇಡಿ, ತಗೋತೀನಿ.

ಇವತ್ತು ಹುಡುಕ್ತಿರೋದು ಖಾಲಿ ಕ್ಯಾಸೆಟ್. ಹೌದು, ಕ್ಯಾಸೆಟ್ಟೇ, ರೀಲ್ ಇರೋದು. ತಾತನ ಟೂ ಇನ್ ಒನ್, ಅಂದ್ರೆ ರೇಡಿಯೋ ಇರೋ ಟೇಪ್ ರೆಕಾರ್ಡರ್, ಅಟ್ಟದ ಮೇಲಿಂದ ಇಳ್ಸಿದೀನಿ, ಅದ್ರಲ್ಲಿ ನನ್ನ ಹಾಡು ರೆಕಾರ್ಡ್ ಮಾಡ್ಬೇಕು ಅಂತ ತಲೆಗೆ ಹುಳ ಬಿಟ್ಟಿದ್ದು ಬ್ರೂಸ್ ಸ್ಪ್ರಿಂಗ್‌ಸ್ಟೀನ್. ಅಮೇರಿಕಾದ ನ್ಯೂಜೆರ್ಸಿಯೋನು, 1949ರಲ್ಲಿ ಹುಟ್ಟಿದ್ದು, ರಾಕ್ ಸಿಂಗರ್ರು, ಹಾಡು ಬರೆಯೋದೂ ಅವ್ನೇ. ಈ ಮನುಷ್ಯ 1975ರ ಅಕ್ಟೋಬರಲ್ಲಿ ಟೈಮ್, ನ್ಯೂಸ್‌ವೀಕ್ ಎರಡೂ ಮ್ಯಾಗಜೀನ್ ಕವರ್ ಮೇಲೆ ಒಂದೇ ವಾರ ಬಂದ್ಬಿಟ್ಟ. ಅಷ್ಟು ಹೆಸ್ರು ಬಂದ್ಮೇಲೆ ಮುಂದಿನ ವರ್ಷ ಏನಾಯ್ತು ಗೊತ್ತಾ, ಮ್ಯಾನೇಜರ್ ಜೊತೆ ಕೋರ್ಟು ಕೇಸು, 1977ರಲ್ಲಿ ರಾಜಿ ಆಗೋವರ್ಗೂ ಹೊಸ ಆಲ್ಬಂ ಕೆಲ್ಸಕ್ಕೆ ಸ್ಟುಡಿಯೋ ಒಳಗೆ ಕಾಲಿಡೋ ಹಂಗಿಲ್ಲ. ಸೈನ್ ಹಾಕೋ ಮುಂಚೆ ಅಗ್ರಿಮೆಂಟ್ ಓದ್ಬೇಕು ಕಣ್ರಪ್ಪ, ನಮ್ಮೂರಲ್ಲಿ ಸೈಟ್ ತಗೊಳೋರೂ ಓದಲ್ಲ, ಆ ಕಥೆ ಇನ್ನೊಂದ್ ದಿನ.

ಸಂತೆಪೇಟೆ ಬಂತು. ಅಂಗಡಿ ಹೆಸ್ರು ತೋರ್ಸಿಲ್ಲ, ಯಾಕೆ ಅಂತ ಈಗ ಗೊತ್ತಾಗುತ್ತೆ.

ಇಲ್ನೋಡಿ, ಈ ಶಾಟ್ ಸ್ವಲ್ಪ ಪಾಸ್ ಮಾಡಿ ನೋಡಿ. ಸೀಲ್ ಒಡೀದೇ ಇರೋ ಸಿ-60, ಅಂದ್ರೆ 60 ನಿಮಿಷದ ಕ್ಯಾಸೆಟ್, ಪ್ಲಾಸ್ಟಿಕ್ ಕವರ್ ಹಳದಿ ತಿರ್ಗಿದೆ, ಮೂಲೇಲಿ ಸಣ್ಣಗೆ ಎಂಆರ್‌ಪಿ 38 ರೂಪಾಯಿ ಅಂತ ಪ್ರಿಂಟ್ ಆಗಿದೆ. ಎಷ್ಟು ಸಾರ್ ಅಂದೆ. ಯಜಮಾನ್ರು ಕನ್ನಡಕ ಮೇಲೆತ್ತಿ ನೋಡಿ "ಐನೂರು" ಅಂದ್ರು. ತಮಾಷೆ ಅನ್ಕೊಂಡು ನಕ್ಕೆ, ಅವ್ರು ನಗ್ಲಿಲ್ಲ. "ಸಾರ್, 38 ಅಂತ ಇದ್ಯಲ್ಲ ಇಲ್ಲಿ" ಅಂತ ಉಗುರಲ್ಲಿ ತೋರ್ಸುದ್ರೆ "ಆ ರೇಟಿಗೆ ಬೇಕಿದ್ರೆ ಆವಾಗ್ಲೇ ಬರ್ಬೇಕಿತ್ತಪ್ಪ" ಅಂತಾರೆ. ಏನ್ ಉತ್ರ ಕೊಡ್ತೀರಾ ಇದಕ್ಕೆ? ಆವಾಗ ನಾನು ಹುಟ್ಟೇ ಇರ್ಲಿಲ್ವಲ್ಲ! ಮುನ್ನೂರು ಅಂದೆ, ತಲೆ ಆಡ್ಸುದ್ರು. ಮುನ್ನೂರೈವತ್ತು ಅಂದೆ, ಕ್ಯಾಸೆಟ್ ತಗೊಂಡು ಗಾಜಿನ ಶೋಕೇಸ್ ಒಳಗಿಟ್ಟು ಬೀಗ ಹಾಕುದ್ರು, ಬೀಗ! ಚಿನ್ನದ ಅಂಗಡೀಲಿ ಸರ ಕೇಳಿದ್ರೂ ಇಷ್ಟು ಬೇಗ ಒಳಗಿಡಲ್ಲ. ಈಗ ಬೆಂಗಳೂರು ಹುಡುಗ್ರೆಲ್ಲ ಬಂದು ಕೇಳಿದ್ ರೇಟ್ ಕೊಟ್ಟು ತಗೊಂಡೋಗ್ತಾರಂತೆ, ಶೆಲ್ಫ್ ಮೇಲೆ ಇಡೋಕೆ. ಶೆಲ್ಫ್ ಮೇಲೆ ಇಡೋಕಂತೆ ಸ್ವಾಮಿ.

ಸಿಟ್ಟು ಬಂದಿದ್ಕೆ ಹೊರ್ಗೆ ಬಂದು ಕಬ್ಬಿನ ಹಾಲು ಕುಡುದ್ವಿ, ಆ ಶಾಟ್ ಇದೇ. ಹೇಳ್ತಿದ್ನಲ್ಲ, ಕ್ಯಾಸೆಟ್ ಯಾಕೆ ಅಂತ. 1980ರಲ್ಲಿ ಸ್ಪ್ರಿಂಗ್‌ಸ್ಟೀನ್ ಆಲ್ಬಂ ಮೊದಲ್ನೇ ಸಲ ನಂಬರ್ ಒನ್ ಆಗಿತ್ತು, ದೊಡ್ಡ ಟೂರ್ ಮುಗ್ಸಿದ್ದ, ಕೈಲಿ ದುಡ್ಡಿತ್ತು. ಅಂಥವ್ನು ಟೂರಿಂದ ಬಂದು ಕೋಲ್ಟ್ಸ್ ನೆಕ್ ಅನ್ನೋ ಕಡೆ ಬಾಡಿಗೆ ಮನೇಲಿ ಒಬ್ನೇ ಇದ್ದ. ಸ್ಟುಡಿಯೋಲಿ ಕೂತು ಹಾಡು ಬರೆಯೋದು ದಂಡ ಅಂತ, ಮೊದ್ಲು ಮನೇಲೇ ಡೆಮೋ ಮಾಡ್ಕೊಳೋಣ ಅಂತ ಒಂದು ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಮಿಷನ್ ತರ್ಸಿದ, ಟಾಸ್ಕಾಮ್ ಪೋರ್ಟಾಸ್ಟುಡಿಯೋ. 1981ರ ಡಿಸೆಂಬರಿಂದ ಜನವರಿ ಮೊದಲ್ನೇ ವಾರದೊಳಗೆ ಬೆಡ್‌ರೂಮಲ್ಲೇ ಹೆಚ್ಚೂಕಮ್ಮಿ ಎಲ್ಲಾ ಮುಗ್ದೋಯ್ತು. ಒಂದರಲ್ಲಿ ವಾಯ್ಸು, ಇನ್ನೊಂದರಲ್ಲಿ ಗಿಟಾರು, ಉಳ್ದಿದ್ ಎರಡು ಟ್ರ್ಯಾಕಲ್ಲಿ ಏನ್ ಬೇಕೋ ಅದು. ಆಮೇಲೆ ಅದನ್ನ ಮಿಕ್ಸ್ ಮಾಡಿ ಇಳ್ಸಿದ್ದು ಯಾವ್ದಕ್ಕೆ ಅಂದ್ರೆ ಒಂದ್ಸಲ ನೀರಲ್ಲಿ ನೆಂದು ಕೆಟ್ಟೋಗಿ ತಾನಾಗೇ ಸರಿಹೋಗಿದ್ದ ಒಂದು ಪ್ಯಾನಾಸೋನಿಕ್ ಟೇಪ್ ರೆಕಾರ್ಡರ್‌ಗೆ!

ಆ ಕ್ಯಾಸೆಟ್ಟನ್ನ ಡಬ್ಬಿ ಇಲ್ದೇ ಜೀನ್ಸ್ ಜೇಬಲ್ಲಿ ಹಾಕ್ಕೊಂಡು ಓಡಾಡ್ತಿದ್ನಂತೆ. ನಮ್ಮ ಯಜಮಾನ್ರು ಬೀಗ ಹಾಕವ್ರೆ, ಅವ್ನು ಜೇಬಲ್ಲಿ ಹಾಕವ್ನೆ. ಆಮೇಲೆ ಬ್ಯಾಂಡ್ ಕರ್ಕೊಂಡು ನ್ಯೂಯಾರ್ಕ್ ಸ್ಟುಡಿಯೋಲಿ ಅದೇ ಹಾಡುಗಳ್ನ ಡ್ರಮ್ಸು, ಎಲೆಕ್ಟ್ರಿಕ್ ಗಿಟಾರು ಎಲ್ಲ ಹಾಕಿ ಮಾಡಿದ್ರು. ಸೌಂಡ್ ಚೆನ್ನಾಗಾಯ್ತು, ಹಾಡು ಕೆಡ್ತು. ಕೊನೇಗೆ ಜೇಬಲ್ಲಿರೋದ್ನೇ ರಿಲೀಸ್ ಮಾಡೋಣ ಅಂದ. ಕ್ಯಾಸೆಟ್ಟಲ್ಲಿರೋ ಸಣ್ಣ ಸೌಂಡನ್ನ ಎಲ್‌ಪಿ ರೆಕಾರ್ಡ್‌ಗೆ ಇಳ್ಸೋದು ಹೆಂಗೆ ಅಂತ ಎಂಜಿನಿಯರ್‌ಗಳು ತಲೆ ಚಚ್ಕೊಂಡ್ರು. 1982ರ ಸೆಪ್ಟೆಂಬರ್ 30ಕ್ಕೆ ಬಂತು, ಹೆಸ್ರು ನೆಬ್ರಾಸ್ಕಾ. ಟೂರ್ ಇಲ್ಲ, ಬ್ಯಾಂಡ್ ಇಲ್ಲ, ಆದ್ರೂ ಅಮೇರಿಕಾ ಚಾರ್ಟಲ್ಲಿ ಮೂರನೇ ಜಾಗ. ಅವ್ನ್ ಆಲ್ಬಮ್‌ಗಳಲ್ಲಿ ನನ್ ಪ್ರಕಾರ ಇದೇ ಟಾಪು, ಮಿಕ್ಕಿದ್ದೆಲ್ಲ ಇದ್ರ ಕೆಳಗೆ.

ಇದ್ರ ಹಾಡುಗಳಲ್ಲಿ ಬರೋ ಜನರಲ್ಲಿ ಕೆಲ್ಸ ಕಳ್ಕೊಂಡೋರು, ಸಾಲ ಮಾಡ್ಕೊಂಡೋರು ಇದಾರೆ. ಅದು ಅವ್ನ ಮನೆ ಕಥೆನೂ ಹೌದು. ಅವ್ನ್ ಊರು ಫ್ರೀಹೋಲ್ಡಲ್ಲಿ ಒಂದು ಕಾರ್ಪೆಟ್ ಮಿಲ್ ಇತ್ತು, ಅವ್ರಪ್ಪ ಅಲ್ಲೂ ಸ್ವಲ್ಪ ದಿನ ದುಡ್ದಿದ್ರು, ಅದು ಅರವತ್ತರ ದಶಕದಲ್ಲಿ ಬಾಗ್ಲು ಹಾಕ್ತು. ಅಪ್ಪಂಗೆ ಯಾವ್ ಕೆಲ್ಸನೂ ನಿಲ್ತಿರ್ಲಿಲ್ಲ, ರಾತ್ರಿ ಅಡುಗೆಮನೇಲಿ ಲೈಟ್ ಆರ್ಸಿ ಕತ್ತಲಲ್ಲಿ ಕೂರ್ತಿದ್ರಂತೆ. ಮನೆ ನಡೀತಿದ್ದಿದ್ದು ಅಮ್ಮನ ಆಫೀಸ್ ಸಂಬ್ಳದಲ್ಲಿ. ಮಗನ ಗಿಟಾರಿಗೆ 60 ಡಾಲರ್ ಸಾಲ ಮಾಡಿದ್ದೂ ಆ ಅಮ್ಮನೇ. ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟರಿ ನಿಂತಿದ್ ವರ್ಷಗಳಲ್ಲಿ ಗದ್ದೇಲಿ ಕಬ್ಬು ಒಣಗ್ತಿದ್ದಿದ್ದು ನೋಡಿರೋರಿಗೆ ಈ ಹಾಡುಗಳ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಅಯ್ಯೋ ಕಬ್ಬಿನ ಹಾಲು ಶಾಟ್ ಮುಗ್ದು ಎಷ್ಟೊತ್ತಾಯ್ತು.

ಆದ್ರೆ ಒಂದ್ ಮಾತು, ಇವ್ನೂ ಏನ್ ಸಾಚಾ ಅಲ್ಲ. ಕೂಲಿಕಾರ್ರ ಹಾಡು ಹಾಡ್ಕೊಂಡೇ 2022ರಲ್ಲಿ ಅವ್ನ ಶೋ ಟಿಕೆಟ್ಟು ಡಿಮ್ಯಾಂಡ್ ನೋಡ್ಕೊಂಡು ತಾನಾಗೇ ರೇಟ್ ಏರೋ ಸಿಸ್ಟಮ್ಮಲ್ಲಿ ಕೆಲವು 5000 ಡಾಲರ್‌ವರ್ಗೂ ಹೋಯ್ತು. ಬ್ಯಾಕ್‌ಸ್ಟ್ರೀಟ್ಸ್ ಅಂತ ಅಭಿಮಾನಿಗಳ ಪತ್ರಿಕೆ, 1980ರಿಂದ ನಡೀತಿದ್ದಿದ್ದು, ಇದಕ್ಕೆ ಬೇಜಾರಾಗೇ 2023ರಲ್ಲಿ ಬಾಗ್ಲು ಹಾಕ್ಬಿಡ್ತು. ಅಷ್ಟು ವರ್ಷ ಅವ್ನ್ ಹೆಸ್ರೇ ಜಪ ಮಾಡಿದೋರು! ಅದಕ್ಕೂ ಮುಂಚೆ 2021ರಲ್ಲಿ ತನ್ನ ಹಾಡುಗಳ ಹಕ್ಕೆಲ್ಲ ಸೋನಿಗೆ ಮಾರಿದ್ದ, ಸುಮಾರು 50 ಕೋಟಿ ಡಾಲರ್ ಅಂತ ಪೇಪರಲ್ಲಿ ಬಂದಿತ್ತು. ಅಷ್ಟಿದ್ದೂ ಟಿಕೆಟ್ ರೇಟಿಗೆ ಒಂದು ಲಿಮಿಟ್ ಹಾಕಕ್ಕಾಗ್ಲಿಲ್ವಾ? ಕಬ್ಬಿನ ಹಾಲು ಕುಡೀತಾ ಇದ್ನೇ ಫ್ರೆಂಡಿಗೆ ಹೇಳಿದ್ರೆ, ಬ್ಲ್ಯಾಕಲ್ಲಿ ಮಾರೋನ ಜೇಬಿಗೆ ಹೋಗೋ ದುಡ್ಡು ಹಾಡೋನ ಜೇಬಿಗೆ ಹೋದ್ರೆ ನಿಂಗೇನ್ಲಾ ಕಷ್ಟ ಅಂದ. ಅದೂ ನಿಜಾನೇ ಅನ್ಸ್ತು. ಆದ್ರೂ 5000 ಜಾಸ್ತಿ ಆಯ್ತು, ನಾನ್ ಒಪ್ಪಲ್ಲ.

ಈಗ ಮತ್ತೆ ಅದೇ ಅಂಗಡಿ. ನಾಚ್ಕೆ ಬಿಟ್ಟು ಹೋದ್ವಿ. ಬಾಗ್ಲ ಹತ್ರ ರಟ್ಟಿನ ಡಬ್ಬದಲ್ಲಿ ರೆಕಾರ್ಡ್ ಆಗಿರೋ ಹಳೇ ಕ್ಯಾಸೆಟ್ಟು, ಯಾವ್ದು ತಗೊಂಡ್ರೂ 40. ಖಾಲಿದಕ್ಕೆ 500, ತುಂಬಿರೋದಕ್ಕೆ 40, ಈ ಲೆಕ್ಕ ಯಾವ್ ಸ್ಕೂಲಲ್ಲಿ ಹೇಳ್ಕೊಟ್ರೋ. ಗೊತ್ತಿಲ್ದೋರಿಗೆ ಹೇಳ್ತೀನಿ, ಕ್ಯಾಸೆಟ್ ಬೆನ್ನಿನ ಮೇಲೆ ಎರಡು ಮೂಲೇಲಿ ಎರಡು ಸಣ್ಣ ಕಿಂಡಿ ಇರುತ್ತೆ, ಅಲ್ಲಿನ ಪ್ಲಾಸ್ಟಿಕ್ ತುಂಡು ಮುರಿದಿದ್ರೆ ರೆಕಾರ್ಡ್ ಬಟನ್ ಒತ್ತಕ್ಕೇ ಆಗಲ್ಲ. ಆ ಕಿಂಡಿ ಮೇಲೆ ಸೆಲ್ಲೋಟೇಪ್ ಅಂಟ್ಸಿ, ಒತ್ತುತ್ತೆ. ಮುಗೀತು, 40 ರೂಪಾಯಿಗೆ ಖಾಲಿ ಕ್ಯಾಸೆಟ್.

ಡಬ್ಬದಲ್ಲಿ ಮುಕ್ಕಾಲು ಭಾಗ ಮಾದಪ್ಪನ ಹಾಡು, ಚಾಮುಂಡಿ ಹಾಡು. ಫೋನಲ್ಲಿ ಅಮ್ಮಂಗೆ ಹೇಳಿದ್ದೇ ತಪ್ಪಾಯ್ತು, "ದೇವ್ರ ಹಾಡು ಅಳ್ಸಿ ನಿನ್ ಅರಚಾಟ ತುಂಬ್ತೀಯಾ? ಮನೆ ಒಳಗೆ ಸೇರ್ಸಲ್ಲ" ಅಂದ್ಬಿಟ್ಲು. ಸಿನಿಮಾ ಹಾಡು ಅಳ್ಸೋಕೆ ನಂಗೇ ಮನ್ಸು ಬರ್ಲಿಲ್ಲ. ಕೊನೇಗೆ ಸಿಕ್ಕಿದ್ದು ಇದು, ಇಂಗ್ಲಿಷ್ ಮಾತಾಡೋದು ಕಲೀರಿ ಅನ್ನೋ ಕ್ಯಾಸೆಟ್. ಯಾರ್ಗೂ ನೋವಾಗಲ್ಲ. ಯಜಮಾನ್ರು 40 ಇಸ್ಕೊಂಡು "ಕಲ್ತ್ಕೋ ಮಗಾ, ಕೆಲ್ಸಕ್ಕೆ ಬರುತ್ತೆ" ಅಂದ್ರು.

ಇದು ಮನೆ, ಟೆಸ್ಟ್ ರೆಕಾರ್ಡಿಂಗ್. ಕೇಳಿ… ನನ್ ಗಿಟಾರ್ ಕೇಳ್ಸ್ತಿದ್ಯಾ, ಅದ್ರ ಹಿಂದೆ ಸಣ್ಣಗೆ ಇನ್ನೊಂದು ವಾಯ್ಸ್ ಇದ್ಯಲ್ಲ, ಆ ಇಂಗ್ಲಿಷ್ ಮೇಷ್ಟ್ರು ಇನ್ನೂ ಹೋಗಿಲ್ಲ, ನಾನು ಪಲ್ಲವಿ ಎತ್ತುದ್ರೆ ಅವ್ರು "ಗುಡ್ ಮಾರ್ನಿಂಗ್, ಹೌ ಆರ್ ಯೂ" ಅಂತಾವ್ರೆ. ಹಳೇದನ್ನ ಅಳ್ಸೋ ಹೆಡ್ ಕೊಳೆ ಆಗಿರ್ಬೇಕು, ಹತ್ತಿ, ಸ್ಪಿರಿಟ್ ಹಾಕಿ ಒರೆಸ್ಬೇಕು, ಸ್ಪಿರಿಟ್ ಮನೇಲಿಲ್ಲ, ಮೆಡಿಕಲ್ ಸ್ಟೋರ್ ಬಾಗ್ಲು ಹಾಕೋದ್ರೊಳಗೆ ಓಡ್ಬೇಕು, ಕ್ಲಿಪ್ಪೂ ಮುಗೀತಾ ಬಂತು, ಫುಲ್ ಹಾಡು ಮುಂದಿನ ವಿಡಿಯೋದಲ್ಲಿ ಹಾಕ್ತೀನಿ, ಮೇಷ್ಟ್ರು ಇದ್ರೂ ಹಾಕ್ತೀನಿ.